ಮೇಡಂ, ಆ ಮೂರು ಜೂಲ್ ಎಲ್ಲಿಗೆ ಹೋಯ್ತು?

ಹೋದ ವರ್ಷದ ಆಗಸ್ಟ್. ಶಿರಸಿಯಲ್ಲಿ ಹಗಲು ಹೊತ್ತಲ್ಲೂ ಲೈಟು ಹಾಕಿಕೊಂಡು ಪಾಠ ಮಾಡಬೇಕಾದಂಥ ಮಳೆ. ಫಸ್ಟ್ ಪಿಯುಸಿ ಮಕ್ಕಳಿಗೆ ಡಿಕ್ಕಿಯ ಪಾಠ ನಡೆಯುತ್ತಿತ್ತು. ಪ್ರತಿ ವರ್ಷ ಬರೆಯುವ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. 2 ಕೆಜಿಯ ಒಂದು ವಸ್ತು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದು, ಸುಮ್ಮನೆ ನಿಂತಿರುವ 1 ಕೆಜಿಯ ವಸ್ತುವಿಗೆ ಬಡಿದು ಅಂಟಿಕೊಳ್ಳುತ್ತದೆ. ಆಮೇಲೆ ಎರಡೂ ಸೇರಿ ಎಷ್ಟು ವೇಗದಲ್ಲಿ ಹೋಗುತ್ತವೆ?

ಸುಲಭದ ಲೆಕ್ಕ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಡಿಕ್ಕಿಗೆ ಮೊದಲು 6, ಆಮೇಲೂ 6. ಈಗ ಒಟ್ಟು ರಾಶಿ 3 ಕೆಜಿ, ಹಾಗಾಗಿ ವೇಗ 2. ಚಲನ ಶಕ್ತಿ (ರಾಶಿ ಇಂಟು ವೇಗದ ವರ್ಗ, ಅದರ ಅರ್ಧ; ಅಳೆಯುವುದು ಜೂಲ್‌ನಲ್ಲಿ) ನೋಡಿದರೆ ಮೊದಲು 9 ಜೂಲ್ ಇತ್ತು, ಈಗ 6 ಜೂಲ್ ಇದೆ. ‘ಶಕ್ತಿ ನಷ್ಟ 3 ಜೂಲ್’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಆ ಮೂರು ಜೂಲ್ ಎಲ್ಲಿಗೆ ಹೋಯ್ತು?"

"ಶಾಖ ಆಗುತ್ತೆ, ಸದ್ದಾಗುತ್ತೆ. ಬರ್ಕೊಳ್ಳಿ" ಅಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಅವಳು ಬರೆದುಕೊಂಡಳು. ಆದರೆ ಒಪ್ಪಿಕೊಂಡ ಮುಖ ಅಲ್ಲ ಅದು. ಸ್ಟಾಫ್ ರೂಮಿಗೆ ಬಂದು ಕೂತ ಮೇಲೂ ಆ ಮುಖ ಕಣ್ಣ ಮುಂದೆಯೇ ಇತ್ತು. ಹದಿನಾಲ್ಕು ವರ್ಷದಿಂದ ನಾನು ಇದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಶಾಖ ಆಗುತ್ತೆ ಅನ್ನುತ್ತೇನೆ. ಆ ಶಾಖವನ್ನು ಒಂದು ಸಲವಾದರೂ ಮಕ್ಕಳ ಕೈಗೆ ಮುಟ್ಟಿಸಿದ್ದೇನಾ? ಇಲ್ಲ. ‘ನಷ್ಟ’ ಅನ್ನುವ ಪದವನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಬೇರೆ ಹಾಕುತ್ತೇನೆ. ಶಕ್ತಿ ನಷ್ಟವಾಗುವುದಿಲ್ಲ ಅಂತ ಹಿಂದಿನ ವಾರವಷ್ಟೇ ಅದೇ ಬೋರ್ಡಿನ ಮೇಲೆ ಬರೆದವಳೂ ನಾನೇ. ಆ ಹುಡುಗಿಗೆ ಅನ್ಯಾಯ ಮಾಡಿದೆ ಅನ್ನಿಸಿತು.

ಅದೇ ವಾರ ನಮ್ಮನೆಯಲ್ಲಿ ಇನ್ನೊಂದು ಡಿಕ್ಕಿಯ ಸುದ್ದಿ. ಅಣ್ಣ ಕುಮಟಾದಿಂದ ಬೈಕಿನಲ್ಲಿ ಬರುವಾಗ ದೇವಿಮನೆ ಘಾಟಿನಲ್ಲಿ ಒದ್ದೆ ಎಲೆಗಳ ಮೇಲೆ ಚಕ್ರ ಜಾರಿ ಬಿದ್ದಿದ್ದ. ಕಾಲರ್ ಬೋನ್ ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ. ಅತ್ತಿಗೆ ಆಸ್ಪತ್ರೆಯಲ್ಲಿ ಅವನ ಜೊತೆ ಉಳಿದರು, ಎಂಟನೇ ಕ್ಲಾಸಿನ ಮಗ ನಮ್ಮನೆಗೆ ಬಂದ. ಬರುವಾಗ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದು ಚೀಲದಲ್ಲಿ ಅಪ್ಪನ ಹೆಲ್ಮೆಟ್ ತಂದಿದ್ದ. ಹೆಲ್ಮೆಟ್ಟನ್ನು ಅಟ್ಟದ ಮೇಲೆ ಇಟ್ಟೆ. ಆಗ ಅದನ್ನು ಬಿಚ್ಚಿ ನೋಡುವ ಧೈರ್ಯ ಇರಲಿಲ್ಲ.

ಹುಡುಗ ಸಪ್ಪಗಿದ್ದ. ಕರೆಂಟು ಬೇರೆ ಇಲ್ಲ. ಕೇರಂ ಬೋರ್ಡ್ ಇಳಿಸಿದೆ.

ಕೇರಂ ಆಡುವಾಗ ನೀವೂ ಗಮನಿಸಿರುತ್ತೀರಿ. ಪಾಕೆಟ್ಟಿನ ಬಾಯಲ್ಲಿರುವ ಕಾಯಿಗೆ ನೇರವಾಗಿ ಜೋರಾಗಿ ಹೊಡೆದರೆ ಕಾಯಿ ಒಳಗೆ ಹೋಗುತ್ತದೆ, ಅದರ ಹಿಂದೆಯೇ ಸ್ಟ್ರೈಕರ್ ಕೂಡ ಹೋಗಿ ಬೀಳುತ್ತದೆ. ಹುಡುಗನಿಗೆ ಎರಡು ಸಲ ಹೀಗೇ ಆಯಿತು. "ಅತ್ತೆ, ಇದು ಯಾಕೆ ನಿಲ್ಲೋದೇ ಇಲ್ಲ? ಗೋಲಿ ಆಡುವಾಗ ನನ್ನ ಗೋಲಿ ಅಲ್ಲೇ ನಿಲ್ಲತ್ತಲ್ಲ?" ಅಂದ. ಒಳ್ಳೆಯ ಪ್ರಶ್ನೆ, ಅಲ್ವಾ? ಒಂದೇ ವಾರದಲ್ಲಿ ಎರಡನೆಯದು.

ಗೋಲಿಗಳು ಒಂದೇ ತೂಕದವು. ಬೆರಳಿನಿಂದ ಚಿಮ್ಮಿದ ಗೋಲಿ ಗಾಳಿಯಲ್ಲಿ ಹಾರಿ ಹೋಗಿ ಇನ್ನೊಂದಕ್ಕೆ ನೇರವಾಗಿ ಬಡಿದರೆ, ತನ್ನಲ್ಲಿದ್ದ ಸಂವೇಗವನ್ನೂ ಶಕ್ತಿಯನ್ನೂ ಹೆಚ್ಚುಕಡಿಮೆ ಪೂರ್ತಿ ಅದಕ್ಕೆ ಕೊಟ್ಟು ತಾನು ನಿಂತುಬಿಡುತ್ತದೆ. (ನೆಲದ ಮೇಲೆ ಉರುಳಿಕೊಂಡು ಹೋದ ಗೋಲಿ ಹೀಗೆ ನಿಲ್ಲುವುದಿಲ್ಲ. ಅದರ ತಿರುಗುವಿಕೆ ಉಳಿದಿರುತ್ತದೆ, ಹಾಗಾಗಿ ಒಂದು ಕ್ಷಣ ತಡೆದು ಮತ್ತೆ ಮುಂದಕ್ಕೆ ಉರುಳುತ್ತದೆ.) ಕೇರಂನಲ್ಲಿ ಸ್ಟ್ರೈಕರ್ ಭಾರ, ಕಾಯಿ ಹಗುರ. ಅಡುಗೆಮನೆಯ ತಕ್ಕಡಿ ತಂದು ತೂಗಿದೆವು. ಸ್ಟ್ರೈಕರ್ 15 ಗ್ರಾಂ, ಕಾಯಿ 5 ಗ್ರಾಂ. ಸರಿಯಾಗಿ ಮೂರು ಪಟ್ಟು. ಪಂದ್ಯದ ನಿಯಮದಲ್ಲೂ ಸ್ಟ್ರೈಕರ್ 15 ಗ್ರಾಂ ದಾಟುವ ಹಾಗಿಲ್ಲ.

ಈ ಮೂರು ಪಟ್ಟು ಅನ್ನುವುದು ಲೆಕ್ಕಕ್ಕೆ ಎಷ್ಟು ಚೆಂದ ಅಂದರೆ, ಮೇಣದಬತ್ತಿ ಬೆಳಕಿನಲ್ಲಿ ಹುಡುಗನ ರಫ್ ನೋಟಿನಲ್ಲಿ ಬರೆದು ತೋರಿಸಿದೆ. ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು ಕಾಯಿಗೆ ನೇರವಾಗಿ ಬಡಿಯಿತು ಅಂತಿಟ್ಟುಕೊಳ್ಳಿ. ಶಕ್ತಿ ಸ್ವಲ್ಪವೂ ಬೇರೆ ಕಡೆ ಹೋಗದಿದ್ದರೆ ಸ್ಟ್ರೈಕರ್ 1 ಮೀಟರ್ ವೇಗಕ್ಕೆ ಇಳಿಯುತ್ತದೆ, ಕಾಯಿ 3 ಮೀಟರ್ ವೇಗದಲ್ಲಿ ಹೊರಡುತ್ತದೆ. ಗ್ರಾಂನಲ್ಲೇ ಲೆಕ್ಕ ಹಾಕಿ ನೋಡಿ. ಸಂವೇಗ ಮೊದಲು 15 ಇಂಟು 2, ಅಂದರೆ 30. ಆಮೇಲೆ ಸ್ಟ್ರೈಕರಿನದು 15, ಕಾಯಿಯದು 15, ಒಟ್ಟು 30. ಶಕ್ತಿ ಮೊದಲು 30 ಮಿಲಿಜೂಲ್. ಆಮೇಲೆ ಸ್ಟ್ರೈಕರಿನಲ್ಲಿ ಏಳೂವರೆ, ಕಾಯಿಯಲ್ಲಿ ಇಪ್ಪತ್ತೆರಡೂವರೆ, ಒಟ್ಟು 30. ಸಂವೇಗವನ್ನು ಇಬ್ಬರೂ ಸಮನಾಗಿ ಹಂಚಿಕೊಂಡರು. ಶಕ್ತಿಯಲ್ಲಿ ಮುಕ್ಕಾಲು ಪಾಲು ಚಿಕ್ಕವನಿಗೇ ಹೋಯಿತು.

ಸ್ಟ್ರೈಕರ್ ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಇನ್ನೂ ಒಂದು ವಿಷಯ ಇದೆ. ಓರೆಯಾಗಿ ಬಡಿದರೂ ಅದು ತನ್ನ ದಾರಿಯಿಂದ ತುಂಬಾ ತಿರುಗಲಾರದು. ತನಗಿಂತ ಮೂರನೇ ಒಂದು ಪಾಲು ತೂಕದ ಕಾಯಿಗೆ ಬಡಿದಾಗ ಸ್ಟ್ರೈಕರ್ ತಿರುಗಬಹುದಾದ ಕೋನ ಹೆಚ್ಚೆಂದರೆ ಹತ್ತೊಂಬತ್ತೂವರೆ ಡಿಗ್ರಿ. ಎಲ್ಲಿ ತಾಗಿಸಿದರೂ ಅಷ್ಟೇ. ಬೋರಿಕ್ ಪೌಡರ್ ಸ್ವಲ್ಪ ಜಾಸ್ತಿ ಉದುರಿಸಿ ಆಡಿದರೆ ಸ್ಟ್ರೈಕರ್ ಹೋದ ಗೆರೆ ಪುಡಿಯ ಮೇಲೆ ಕಾಣುತ್ತದೆ. ಹುಡುಗ ಕೋನಮಾಪಕ ತಂದು ಒಂದೊಂದೇ ಗೆರೆ ಅಳೆಯತೊಡಗಿದ. 12, 17, 9, 18. ಇಪ್ಪತ್ತು ದಾಟಿದ್ದು ಒಂದೂ ಇಲ್ಲ. ಆ ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಮರುದಿನ ಕರೆಂಟು ಬಂತು, ಫೋನ್ ಚಾರ್ಜ್ ಆಯಿತು. ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತದೆ. ಬೋರ್ಡಿನ ಮೇಲೆ ಒಂದು ಸ್ಕೇಲ್ ಅಂಟಿಸಿ, ಫೋನನ್ನು ಡಬ್ಬಿಗಳ ಮೇಲೆ ನಿಲ್ಲಿಸಿ ವಿಡಿಯೋ ಮಾಡಿದೆವು. ಇಪ್ಪತ್ತು ಸಲ ಹೊಡೆದ ಮೇಲೆ ನೆಟ್ಟಗೆ ತಾಗಿದ ಒಂದು ಏಟು ಸಿಕ್ಕಿತು. ಹತ್ತು ಚಿತ್ರ ಮುಂದೆ ಹೋಗುವಷ್ಟರಲ್ಲಿ ಯಾವುದು ಎಷ್ಟು ದೂರ ಸರಿಯಿತು ಅಂತ ಎಣಿಸಿದೆವು. ಡಿಕ್ಕಿಗೆ ಮೊದಲು ಸ್ಟ್ರೈಕರ್ 8.3 ಸೆಂಟಿಮೀಟರ್. ಅಂದರೆ ಸೆಕೆಂಡಿಗೆ 2 ಮೀಟರ್. ಆಮೇಲೆ ಸ್ಟ್ರೈಕರ್ 4.6, ಕಾಯಿ 11.2. ವೇಗಕ್ಕೆ ಬದಲಾಯಿಸಿದರೆ ಸ್ಟ್ರೈಕರ್ 1.1, ಕಾಯಿ 2.7.

ಕಾಯಿಗೆ 3 ಬರಬೇಕಿತ್ತು, ಬಂದಿದ್ದು 2.7. ಹುಡುಗನಿಗೆ ನಿರಾಸೆ. ನನಗೆ ಮಾತ್ರ ಮೈ ಜುಮ್ಮೆಂದಿತು. ಸಂವೇಗ ನೋಡಿ. 15 ಇಂಟು 1.1 ಅಂದರೆ ಹದಿನಾರೂವರೆ. 5 ಇಂಟು 2.7 ಅಂದರೆ ಹದಿಮೂರೂವರೆ. ಕೂಡಿದರೆ 30. ಚೂರೂ ಆಚೀಚೆ ಇಲ್ಲ. ಶಕ್ತಿಯನ್ನು ಕೂಡಿದರೆ 27.3 ಮಾತ್ರ. ಬೋರ್ಡಿನ ಮೇಲೆ, ನಮ್ಮ ಕಣ್ಣೆದುರಿಗೇ, 30ರಲ್ಲಿ 2.7 ಮಿಲಿಜೂಲ್ ಕಾಣೆಯಾಗಿತ್ತು. ‘ಟಕ್’ ಅನ್ನುವ ಆ ಸದ್ದಿಗೆ ಅದರಲ್ಲಿ ಒಂದು ಚಿಟಿಕೆ ಹೋಗಿರಬಹುದು. ಮಿಕ್ಕಿದ್ದೆಲ್ಲ ಮರದ ಕಾಯಿಯ ಅಂಚನ್ನೂ ಸ್ಟ್ರೈಕರಿನ ಅಂಚನ್ನೂ ಕೂದಲೆಳೆಯಷ್ಟು ಬೆಚ್ಚಗೆ ಮಾಡಿದೆ.

ಕೈಗೆ ಗೊತ್ತಾಗುವಷ್ಟು ಬೆಚ್ಚಗೆ ಅಲ್ಲ. ನನಗೆ ಬೇಕಿದ್ದದ್ದು ಕೈಗೆ ಗೊತ್ತಾಗುವಂಥದ್ದು.

ಸೋಮವಾರ ಕ್ಲಾಸಿಗೆ ಸುತ್ತಿಗೆ ತಗೊಂಡು ಹೋದೆ. ಅಟೆಂಡರ್ ಒಬ್ಬರು ಐದು ಕೆಜಿಯ ಕಬ್ಬಿಣದ ತೂಕದ ಕಲ್ಲು ತಂದುಕೊಟ್ಟರು. ಅದರ ಮೇಲೆ ಮೂರಿಂಚಿನ ಮೊಳೆಯನ್ನು ಮಲಗಿಸಿ, ಪ್ರಶ್ನೆ ಕೇಳಿದ ಹುಡುಗಿಯನ್ನೇ ಕರೆದೆ. "ಮೊದಲು ಮುಟ್ಟು. ಆಮೇಲೆ ಹೊಡಿ. ಹತ್ತು ಏಟು, ಬೇಗ ಬೇಗ." ಹೊಡೆದಳು. ಮೊಳೆ ನಡುವೆ ಚಪ್ಪಟೆಯಾಯಿತು. ಅದನ್ನು ಎತ್ತಿ ತುಟಿಯ ಕೆಳಗೆ ಒತ್ತಿಕೊಂಡವಳು ತಟ್ಟನೆ ತೆಗೆದಳು. "ಬಿಸಿ ಇದೆ ಮೇಡಂ!"

ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿದೆ. ಅರ್ಧ ಕೆಜಿ ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದರೆ ಅದರ ಚಲನ ಶಕ್ತಿ ಆರು ಜೂಲ್‌ಗಿಂತ ಸ್ವಲ್ಪ ಜಾಸ್ತಿ. ಸುತ್ತಿಗೆ ಹೆಚ್ಚೇನೂ ಪುಟಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಅರ್ಧ ಮೊಳೆಗೆ ಸೇರಿತು ಅಂದುಕೊಂಡರೂ ಐದು ಗ್ರಾಂ ಕಬ್ಬಿಣ ಪ್ರತಿ ಏಟಿಗೆ ಒಂದು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬೇಕು. ಹತ್ತು ಏಟಿಗೆ ಹತ್ತು ಹನ್ನೆರಡು ಡಿಗ್ರಿ. ತುಟಿಗೆ ಗೊತ್ತಾಗದೇ ಇರುತ್ತಾ? ಅವತ್ತು ನಲವತ್ತು ಮಕ್ಕಳೂ ಸಾಲಾಗಿ ಬಂದು ಹೊಡೆದರು. ಪಕ್ಕದ ಕ್ಲಾಸಿನವರು ಸದ್ದು ಜಾಸ್ತಿ ಆಯಿತು ಅಂತ ಬಂದರು. ಹೌದು, ಸದ್ದೂ ಆ ಲೆಕ್ಕದಲ್ಲೇ ಬರುತ್ತದೆ.

ಆಗ ಬಂದ ಪ್ರಶ್ನೆ ಇನ್ನೂ ಆಳದ್ದು. ಹಿಂದಿನ ಬೆಂಚಿನ ಹುಡುಗ ಕೇಳಿದ. "ಮೇಡಂ, ಶಕ್ತಿ ಹೀಗೆ ಮೊಳೆ ಒಳಗೆ ಬಚ್ಚಿಟ್ಟುಕೊಳ್ಳತ್ತೆ ಅಂದ್ರೆ, ಸಂವೇಗಾನೂ ಯಾಕೆ ಬಚ್ಚಿಟ್ಟುಕೊಳ್ಳಬಾರದು? ಅದು ಮಾತ್ರ ಯಾಕೆ ಯಾವಾಗ್ಲೂ ಸರಿಯಾಗಿ ಲೆಕ್ಕಕ್ಕೆ ಸಿಗತ್ತೆ?"

ಪಠ್ಯದಲ್ಲಿ ಇದಕ್ಕೆ ಒಂದು ಸಾಲಿನ ಉತ್ತರ ಇದೆ. ಹೊರಗಿನ ಬಲ ಇಲ್ಲದಿದ್ದರೆ ಸಂವೇಗ ಬದಲಾಗುವುದಿಲ್ಲ ಅಂತ. ಉತ್ತರ ಸರಿ. ಹುಡುಗ ಕೇಳಿದ್ದು ಮಾತ್ರ ಅದನ್ನಲ್ಲ. ನಾನು ಮಾರಿಕಾಂಬಾ ಜಾತ್ರೆಯ ಮಾತು ತೆಗೆದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ನಮ್ಮೂರಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಕಿಬೈಲಿನಲ್ಲಿ ರಾತ್ರಿ ಎಂಟು ಗಂಟೆಯ ಜನ. ಒಬ್ಬರು ಬಳೆ ಅಂಗಡಿ ಕಡೆ, ಒಬ್ಬರು ತೊಟ್ಟಿಲ ಕಡೆ, ಒಬ್ಬರು ಗದ್ದುಗೆ ಕಡೆ, ಒಬ್ಬರು ಮನೆ ಕಡೆ. ಎಲ್ಲರೂ ನಡೆಯುತ್ತಿದ್ದಾರೆ, ಎಲ್ಲರ ಕಾಲೂ ಸೋತಿದೆ. ಆದರೆ ಮೇಲಿನಿಂದ ನೋಡಿದರೆ ಜಾತ್ರೆ ಅಲ್ಲೇ ಇದೆ, ಒಂದಡಿಯೂ ಸರಿದಿಲ್ಲ. ಪೂರ್ವಕ್ಕೆ ಹೋಗುವವರನ್ನೂ ಪಶ್ಚಿಮಕ್ಕೆ ಹೋಗುವವರನ್ನೂ ಕೂಡಿದರೆ ಸೊನ್ನೆ. ಸಂವೇಗ ಅಂಥದ್ದು. ಅದಕ್ಕೆ ದಿಕ್ಕಿದೆ. ಸುಸ್ತನ್ನು ಮಾತ್ರ ಹಾಗೆ ಕಳೆಯಲು ಬರುವುದಿಲ್ಲ. ಪೂರ್ವಕ್ಕೆ ನಡೆದವನ ಸುಸ್ತೂ ಪಶ್ಚಿಮಕ್ಕೆ ನಡೆದವನ ಸುಸ್ತೂ ಎರಡೂ ಸುಸ್ತೇ. ಶಕ್ತಿ ಅಂಥದ್ದು. ಅದರಲ್ಲಿ ವೇಗದ ವರ್ಗ ಇದೆ, ವರ್ಗ ಯಾವತ್ತೂ ಮೈನಸ್ ಆಗುವುದಿಲ್ಲ.

ಮೊಳೆಯ ಒಳಗಿನ ಕಣಗಳು ಆ ಜಾತ್ರೆಯ ಜನ. ಸುತ್ತಿಗೆ ಬಡಿದಾಗ ಒಂದೇ ದಿಕ್ಕಿನಲ್ಲಿ ಬಂದ ಶಕ್ತಿ ಅವುಗಳ ಎಲ್ಲ ದಿಕ್ಕಿನ ಕುಣಿತವಾಗಿ ಚೆದುರಿತು. ಕುಣಿತದಲ್ಲಿ ಶಕ್ತಿ ಅಡಗಬಲ್ಲದು. ಸಂವೇಗ ಅಡಗಲಾರದು, ಯಾಕಂದರೆ ಎಲ್ಲ ದಿಕ್ಕಿನ ಕುಣಿತದ ಸಂವೇಗ ಕೂಡಿದರೆ ಸೊನ್ನೆ. ಹಾಗಾಗಿ ಸಂವೇಗ ಪೂರ್ತಿ ಹೊರಗೇ ಇರಬೇಕು, ಇಡೀ ವಸ್ತುವಿನ ಚಲನೆಯಲ್ಲಿ, ಕಣ್ಣಿಗೆ ಕಾಣುವ ಹಾಗೆ. ಹಾಗಾದರೆ ಸುತ್ತಿಗೆಯ ಸಂವೇಗ? ತೂಕದ ಕಲ್ಲಿನ ಮೂಲಕ ಮೇಜಿಗೆ, ಮೇಜಿನ ಮೂಲಕ ನೆಲಕ್ಕೆ, ಭೂಮಿಗೆ. ಭೂಮಿ ಎಷ್ಟು ದೊಡ್ಡದು ಅಂದರೆ ಅದು ಪಡೆದ ವೇಗವನ್ನು ಯಾರೂ ಅಳೆಯಲಾರರು.

ಬೋರ್ಡಿನ ಮೇಲಿನ 6 ಜೂಲ್ ಯಾಕೆ ಉಳಿಯಿತು ಅನ್ನುವುದೂ ಆಗ ತಾನಾಗಿ ಗೊತ್ತಾಯಿತು. ಅಂಟಿಕೊಂಡ ಮೇಲೂ 6ರಷ್ಟು ಸಂವೇಗ ಇರಲೇಬೇಕು, ಅಂದರೆ ಮೂರು ಕೆಜಿಯೂ ಚಲಿಸುತ್ತಿರಲೇಬೇಕು. ಅಷ್ಟು ಚಲನೆಗೆ 6 ಜೂಲ್ ಬೇಕು. ಶಕ್ತಿ ಪೂರ್ತಿ ಶಾಖವಾಗಿ ಹೋಗಲು ಸಂವೇಗ ಬಿಡುವುದಿಲ್ಲ.

ಇದು ನಮಗೆ ಒಂದು ಪೀರಿಯಡ್‌ನಲ್ಲಿ ತಿಳಿದುಬಿಟ್ಟಿತು. ಯುರೋಪಿನ ದೊಡ್ಡ ದೊಡ್ಡವರು ಇದರ ಬಗ್ಗೆ ನೂರು ವರ್ಷ ಜಗಳ ಆಡಿದ್ದಾರೆ. ಚಲನೆಯ ನಿಜವಾದ ಅಳತೆ ಯಾವುದು? ರಾಶಿ ಇಂಟು ವೇಗವೋ, ರಾಶಿ ಇಂಟು ವೇಗದ ವರ್ಗವೋ? ದೆಕಾರ್ತ್ ಮೊದಲನೆಯದನ್ನು ಹಿಡಿದ, ಆದರೆ ದಿಕ್ಕನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಹೈಗೆನ್ಸ್ ಅದನ್ನು ತಿದ್ದಿದ. 1686ರಲ್ಲಿ ಲೈಬ್ನಿಜ್ ವೇಗದ ವರ್ಗವೇ ಸರಿ ಅಂತ ಹಟ ಹಿಡಿದ. ನನಗೆ ತುಂಬಾ ಇಷ್ಟವಾದದ್ದು ಹಾಲೆಂಡಿನ ಗ್ರಾವೆಸಾಂಡೆ ಮಾಡಿದ ಪ್ರಯೋಗ, 1722ರಲ್ಲಿ ಪ್ರಕಟವಾದದ್ದು. ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡು ಬೀಳಿಸಿ ಗುಂಡಿ ಎಷ್ಟು ದೊಡ್ಡದಾಯಿತು ಅಂತ ಅಳೆಯುವುದು. ಅಷ್ಟೇ.

ಚೌತಿ ಹತ್ತಿರ ಬಂದಿತ್ತು. ಗಣಪತಿ ಮಾಡುವವರ ಮನೆಗೆ ಹೋಗಿ ಒಂದು ಬುಟ್ಟಿ ಹದ ಮಾಡಿದ ಮಣ್ಣು ಕೇಳಿ ತಂದೆ. ಅವರು ಅದನ್ನು ಬೆಣ್ಣೆಯ ಹಾಗೆ ತುಳಿದು ಮೆತ್ತಗೆ ಮಾಡಿರುತ್ತಾರೆ, ಒಂದು ಕಲ್ಲೂ ಸಿಗುವುದಿಲ್ಲ. ಲ್ಯಾಬಿನಲ್ಲಿ ಲೋಲಕದ ಹಿತ್ತಾಳೆ ಗುಂಡು ಇತ್ತು. ಅದನ್ನು 25 ಸೆಂಟಿಮೀಟರ್ ಎತ್ತರದಿಂದ ಒಮ್ಮೆ, ಒಂದು ಮೀಟರ್ ಎತ್ತರದಿಂದ ಒಮ್ಮೆ ಬಿಟ್ಟೆವು. ಎತ್ತರ ನಾಲ್ಕು ಪಟ್ಟಾದರೆ ನೆಲ ಮುಟ್ಟುವಾಗಿನ ವೇಗ ಎರಡು ಪಟ್ಟು. ಸಂವೇಗವೂ ಎರಡು ಪಟ್ಟು. ಗುಂಡಿ?

ಸಿರಿಂಜಿನಿಂದ ಗುಂಡಿಗೆ ಅಂಚಿನವರೆಗೆ ನೀರು ತುಂಬಿ ಅಳೆದೆವು. ಚಿಕ್ಕದಕ್ಕೆ 0.8 ಮಿಲಿಲೀಟರ್ ಹಿಡಿಯಿತು. ದೊಡ್ಡದಕ್ಕೆ 3.1. ಮತ್ತೆ ಮಾಡಿದೆವು, ಹೆಚ್ಚುಕಡಿಮೆ ಅಷ್ಟೇ. ವೇಗ ಎರಡು ಪಟ್ಟು, ಗುಂಡಿ ನಾಲ್ಕು ಪಟ್ಟು. ಮಣ್ಣು ವೇಗದ ವರ್ಗವನ್ನೇ ಬರೆದಿಟ್ಟಿತ್ತು. ಮೂರು ಜೂಲ್ ಎಲ್ಲಿಗೆ ಹೋಯಿತು ಅಂತ ಕೇಳಿದ ಹುಡುಗಿ ಗುಂಡಿಯೊಳಗೆ ಬೆರಳಿಟ್ಟು ಸುಮ್ನೆ ನಿಂತಿದ್ದಳು. ಅವತ್ತು ಅವಳಿಗೆ ಎಮಿಲಿ ದು ಶಾತ್ಲೆ ಬಗ್ಗೆ ಹೇಳಿದೆ. ಈ ಮಣ್ಣಿನ ಪ್ರಯೋಗದ ಅರ್ಥವನ್ನು ಹಿಡಿದು, ವೇಗದ ವರ್ಗದ ಪರವಾಗಿ 1740ರಲ್ಲೇ ಅಚ್ಚಿನಲ್ಲಿ ವಾದಿಸಿದ ಫ್ರಾನ್ಸಿನ ಹೆಂಗಸು. ನ್ಯೂಟನ್‌ನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳೂ ಅವಳೇ. 1749ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ಆ ಅನುವಾದ ಪೂರ್ತಿಯಾಗಿ ಹೊರಬಂದದ್ದು ಹತ್ತು ವರ್ಷ ಆದಮೇಲೆ.

ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಿಬಿಡುತ್ತೇನೆ. ‘ಇಲಾಸ್ಟಿಕ್ ಡಿಕ್ಕಿ’ (ಚಲನ ಶಕ್ತಿ ಸ್ವಲ್ಪವೂ ಬೇರೆ ಕಡೆ ಹೋಗದ ಡಿಕ್ಕಿ) ಅಂದ ಕೂಡಲೇ ಮಕ್ಕಳ ತಲೆಗೆ ಬರುವುದು ರಬ್ಬರು. ಲಂಗಕ್ಕೆ ಹಾಕುವ ಇಲಾಸ್ಟಿಕ್ಕಿನ ದೆಸೆಯಿಂದ ಆದದ್ದು. ನಿಜ ಏನಂದರೆ ಟೆನಿಸ್ ಚೆಂಡು ಡಿಕ್ಕಿಯಲ್ಲಿ ಶಕ್ತಿಯನ್ನು ತುಂಬಾ ಬಿಟ್ಟುಕೊಡುತ್ತದೆ. ಪಂದ್ಯದ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಅಂತ ನಿಯಮ. ಅಂದರೆ ಒಂದೇ ಪುಟಿತಕ್ಕೆ ನೂರರಲ್ಲಿ ನಲವತ್ತಕ್ಕಿಂತ ಜಾಸ್ತಿ ಶಕ್ತಿ ಕೈಬಿಟ್ಟಿರುತ್ತದೆ. ಗಾಜಿನ ಗೋಲಿಯನ್ನು ದಪ್ಪ ಗ್ರಾನೈಟ್ ಕಟ್ಟೆಯ ಮೇಲೆ ಬಿಟ್ಟು ನೋಡಿ. ಮೆತ್ತಗಿರುವುದಕ್ಕೂ ಪುಟಿಯುವುದಕ್ಕೂ ಸಂಬಂಧ ಇಲ್ಲ. ಬಡಿದಾಗ ಬದಲಾದ ಆಕಾರ ಪೂರ್ತಿ ಮೊದಲಿನ ಹಾಗೆ ಆಗುತ್ತದಾ, ಆಗುವಾಗ ತಗೊಂಡ ಶಕ್ತಿಯನ್ನು ವಾಪಸ್ ಕೊಡುತ್ತದಾ ಅನ್ನುವುದು ಮುಖ್ಯ.

ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುವ ಡಿಕ್ಕಿ ಬೇಕೆಂದರೆ ಪರಮಾಣುವಿನ ಮಟ್ಟಕ್ಕೆ ಇಳಿಯಬೇಕು. ನಮ್ಮ ಜಿಲ್ಲೆಯಲ್ಲೇ ಅಂಥ ಡಿಕ್ಕಿ ಹಗಲೂ ರಾತ್ರಿ ನಡೆಯುವ ಜಾಗ ಇದೆ. ಕೈಗಾ ಅಣು ವಿದ್ಯುತ್ ಸ್ಥಾವರ. ಯುರೇನಿಯಂ ಒಡೆದಾಗ ಹೊರಬರುವ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಷ್ಟು ವೇಗದಲ್ಲಿದ್ದರೆ ಅದು ಮುಂದಿನ ಯುರೇನಿಯಂ ಅನ್ನು ಸುಲಭವಾಗಿ ಒಡೆಯುವುದಿಲ್ಲ. ಸೆಕೆಂಡಿಗೆ ಎರಡು ಕಿಲೋಮೀಟರ್ ಆಸುಪಾಸಿಗೆ ಇಳಿಸಬೇಕು. ಹೇಗೆ? ಯಾವುದಕ್ಕಾದರೂ ಡಿಕ್ಕಿ ಹೊಡೆಸಿ. ಯುರೇನಿಯಂ ಪರಮಾಣುವಿಗೇ ಬಡಿದರೆ ಅದು ಗೋಡೆಗೆ ಬಡಿದ ಗೋಲಿ. ನೇರ ಡಿಕ್ಕಿಯಲ್ಲೂ ನೂರರಲ್ಲಿ ಎರಡು ಪಾಲೂ ಶಕ್ತಿ ಇಳಿಯುವುದಿಲ್ಲ. ತನ್ನಷ್ಟೇ ತೂಕದ ಹೈಡ್ರೋಜನ್‌ಗೆ ನೇರವಾಗಿ ಬಡಿದರೆ ಗೋಲಿಗೆ ಗೋಲಿ ಬಡಿದ ಹಾಗೆ, ಒಂದೇ ಏಟಿಗೆ ನಿಲ್ಲಬಹುದು. ಆದರೆ ಸಾಮಾನ್ಯ ನೀರಿನ ಹೈಡ್ರೋಜನ್ ನ್ಯೂಟ್ರಾನನ್ನು ನುಂಗಿಬಿಡುವುದೂ ಉಂಟು. ಸಹಜ ಯುರೇನಿಯಂ ಉರಿಸುವಾಗ ಅಷ್ಟು ನುಂಗಲು ಬಿಟ್ಟರೆ ಒಂದರಿಂದ ಇನ್ನೊಂದು ಒಡೆಯುವ ಸರಣಿ ನಿಂತೇ ಹೋಗುತ್ತದೆ. ಅದಕ್ಕೇ ಭಾರಜಲ, ಅಂದರೆ ಡ್ಯುಟೀರಿಯಂ ಅನ್ನುವ ಭಾರದ ಹೈಡ್ರೋಜನ್ ಇರುವ ನೀರು. ಅದರ ಡ್ಯುಟೀರಿಯಂ ನ್ಯೂಟ್ರಾನಿನ ಎರಡು ಪಟ್ಟು ತೂಕ. ನೇರ ಡಿಕ್ಕಿಯಲ್ಲಿ ಒಂಬತ್ತರಲ್ಲಿ ಎಂಟು ಪಾಲು ಶಕ್ತಿ ತಗೊಳ್ಳುತ್ತದೆ, ನುಂಗುವುದು ತೀರಾ ಕಡಿಮೆ. ಎಲ್ಲ ಡಿಕ್ಕಿಯೂ ನೇರ ಆಗುವುದಿಲ್ಲವಲ್ಲ, ಸರಾಸರಿ ಇಪ್ಪತ್ತೈದು ಡಿಕ್ಕಿ ಸಾಕು. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವ ದಾಖಲೆ ಮಾಡಿತ್ತು. ಅಷ್ಟೂ ದಿನ ಒಳಗೆ ನಡೆದದ್ದು ಕೇರಂ ಬೋರ್ಡಿನ ಲೆಕ್ಕವೇ ಅಂತ ಹೇಳಿದಾಗ ಅಣ್ಣನ ಮಗ ಸ್ಟ್ರೈಕರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಅಟ್ಟದಿಂದ ಹೆಲ್ಮೆಟ್ ಇಳಿಸಿದೆ. ಹೊರಗಡೆ ಎಡಭಾಗದಲ್ಲಿ ಉದ್ದಕ್ಕೆ ಉಜ್ಜಿದ ಗೀರು, ಒಂದು ಸಣ್ಣ ಬಿರುಕು. ಅಷ್ಟೇ ಇದ್ದದ್ದು. ಒಳಗಿನ ಬಟ್ಟೆಯ ಪದರ ಕಿತ್ತು ನೋಡಿದೆವು. ಬಿಳಿ ಥರ್ಮಾಕೋಲ್ ಒಂದು ಜಾಗದಲ್ಲಿ ಒಳಕ್ಕೆ ಕುಸಿದಿತ್ತು. ಹಸ್ತದ ನಡುಭಾಗದಷ್ಟು ಅಗಲ. ಅಲ್ಲಿ ಕಾಳುಗಳೆಲ್ಲ ಒತ್ತಿ ಚಪ್ಪಟೆಯಾಗಿ ಹೊಳೆಯುತ್ತಿದ್ದವು, ಪಕ್ಕದಲ್ಲಿ ಹಾಗೇ ದುಂಡಗಿದ್ದವು. ಸ್ಕೇಲ್ ಇಟ್ಟು ಅಳೆದೆ. ಒಂದೂವರೆ ಸೆಂಟಿಮೀಟರ್.

ಅಣ್ಣ ಪಕ್ಕದಲ್ಲೇ ಕೈ ಕಟ್ಟಿಸಿಕೊಂಡು ಕೂತಿದ್ದ. ನಾನು ಅವನ ಎದುರಿಗೇ ಲೆಕ್ಕ ಹಾಕಿದೆ. ಹಾಕದೇ ಇರಲು ಆಗಲಿಲ್ಲ. ತಲೆಯ ರಾಶಿ ಸುಮಾರು ಐದು ಕೆಜಿ. ಬೈಕಿನ ಮೇಲೆ ಕೂತಷ್ಟು ಎತ್ತರದಿಂದ ರಸ್ತೆಗೆ ಬರುವಾಗ ಸೆಕೆಂಡಿಗೆ ಆರು ಮೀಟರ್ ಹತ್ತಿರ ವೇಗ ಅಂತಿಟ್ಟುಕೊಳ್ಳೋಣ. ಸಂವೇಗ 30, ಶಕ್ತಿ 90 ಜೂಲ್. ಬರೀ ತಲೆ ಡಾಂಬರಿಗೆ ಬಡಿದಿದ್ದರೆ ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕಿತ್ತು. ಆ ಶಕ್ತಿಯನ್ನು ಆ ದೂರದಿಂದ ಭಾಗಿಸಿದರೆ 45,000 ನ್ಯೂಟನ್. ನಾಲ್ಕೂವರೆ ಟನ್ ಭಾರ ಮೇಲೆ ಕೂತ ಹಾಗೆ. ಒಂದೂವರೆ ಸೆಂಟಿಮೀಟರಿನಲ್ಲಿ ನಿಂತಿದ್ದರಿಂದ ಅದು 6,000ಕ್ಕೆ ಇಳಿಯಿತು, ಅದೂ ಒಂದೇ ಚುಕ್ಕೆಯ ಮೇಲಲ್ಲ, ಹಸ್ತದಷ್ಟು ಅಗಲದ ಮೇಲೆ.

"ಇದರ ಬದಲು ಒಳ್ಳೇ ರಬ್ಬರು ಹಾಕಿದ್ರೆ ಇನ್ನೂ ಮೆತ್ತಗಿರ್ತಿತ್ತಲ್ಲ ಅತ್ತೆ?" ಅಂದ ಹುಡುಗ.

ಇಲ್ಲ ಮಗಾ. ಚೆನ್ನಾಗಿ ಪುಟಿಯುವ ರಬ್ಬರು ತಗೊಂಡ ಶಕ್ತಿಯಲ್ಲಿ ಬಹುಪಾಲನ್ನು ವಾಪಸ್ ಕೊಡುತ್ತದೆ. ತಲೆ ಆರರ ವೇಗದಲ್ಲಿ ಬಂದು ಹೆಚ್ಚುಕಡಿಮೆ ಅದೇ ವೇಗದಲ್ಲಿ ವಾಪಸ್ ಚಿಮ್ಮುತ್ತದೆ. ಆಗ ಸಂವೇಗದ ಬದಲಾವಣೆ 30 ಅಲ್ಲ, 60ರ ಹತ್ತಿರ. ಅಷ್ಟನ್ನೂ ಕುತ್ತಿಗೆ ಮತ್ತು ಮೆದುಳು ತಡೆದುಕೊಳ್ಳಬೇಕು. ಥರ್ಮಾಕೋಲ್ ಕುಸಿದರೆ ಕುಸಿದದ್ದೇ. ತಗೊಂಡದ್ದನ್ನು ಅದು ವಾಪಸ್ ಕೊಡುವುದಿಲ್ಲ. ಹಾಗಾಗಿಯೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಮತ್ತೆ ಹಾಕಿಕೊಳ್ಳಬಾರದು. ಅದರ ಒಂದೂವರೆ ಸೆಂಟಿಮೀಟರ್ ಖರ್ಚಾಗಿದೆ. ದಯವಿಟ್ಟು ಇದನ್ನು ಓದುತ್ತಿರುವವರು ನಿಮ್ಮ ಮನೆಯ ಹೆಲ್ಮೆಟ್‌ಗಳ ಒಳಪದರ ತೆಗೆದು ಒಮ್ಮೆ ನೋಡಿ.

ಅಣ್ಣ ಹೊಸದು ತಗೊಂಡ. ಹಳೆಯದನ್ನು ಕೇಳಿ ತಂದು ಲ್ಯಾಬಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಹಿತ್ತಾಳೆ ಗುಂಡು ಮತ್ತು ಚಪ್ಪಟೆ ಮೊಳೆಯ ಪಕ್ಕದಲ್ಲಿ. ಈ ವರ್ಷ ಡಿಕ್ಕಿಯ ಪಾಠಕ್ಕೆ ಬಂದಾಗ ಅದೇ 2 ಕೆಜಿ, 1 ಕೆಜಿಯ ಲೆಕ್ಕ ಬರೆದೆ. ‘ನಷ್ಟ’ ಅಂತ ಬರೆಯಲಿಲ್ಲ. ಹೆಲ್ಮೆಟ್ಟನ್ನು ತಲೆಕೆಳಗು ಮಾಡಿ ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಆ ತಗ್ಗಿನಲ್ಲಿ ಹೆಬ್ಬೆರಳು ಒತ್ತಿ ನೋಡಿ ಮುಂದಿನವರಿಗೆ ಕೊಟ್ಟರು.